ಕುರ್ಚಿಗಳ ಮನೆಯಲ್ಲಿ ಒಂದು ಚಾಪೆ

ಸೇಲಂ ಊರಿನಲ್ಲೇ ಅತಿ ಹೆಚ್ಚು ಕುರ್ಚಿಗಳಿದ್ದ ಮನೆ ನಮ್ಮದು. ಕೂರಲು ಒಂದು ಕುರ್ಚಿಯೂ ಇಲ್ಲದ ಮನೆಯೂ ನಮ್ಮದೇ! ಬಂದವರಿಗೆ ನಾವು ಚಾಪೆ ಹಾಸುತ್ತಿದ್ದೆವು. ಅವರು ಚಾಪೆಯ ಮೇಲೆ ಕೂತು, ಗೋಡೆಗೆ ಆನಿಸಿಟ್ಟ ಕುರ್ಚಿಗಳನ್ನು ನೋಡುತ್ತ ಕಾಫಿ ಕುಡಿಯುತ್ತಿದ್ದರು. ಒಂದಕ್ಕೆ ಕಾಲಿಲ್ಲ, ಒಂದಕ್ಕೆ ಬೆನ್ನಿಲ್ಲ, ಇನ್ನೊಂದು ಸೋಫಾದ ಹೊಟ್ಟೆ ಬಗೆದು ತೆಂಗಿನ ನಾರೆಲ್ಲ ಹೊರಗೆ. "ಜಿಎಚ್‌ಗೆ ಬಂದಂಗೆ ಐತೆ ಭಾವ, ವಾರ್ಡ್ ಫುಲ್ಲು!" ಎಂದು ನನ್ನ ಬಾಮೈದ ನಗುತ್ತಿದ್ದ. ಈ ಆಸ್ಪತ್ರೆಗೆ ಡಾಕ್ಟರು ಯಾರು ಅಂತೀರಿ? ಅವನ ಅಕ್ಕ, ನನ್ನ ಹೆಂಡತಿ!

ನಾವು ನೇಯುವ ಜನ. ನಾನು ಮೀಸೆ ಮೂಡುವ ಮೊದಲೇ ಗುಂಡಿ ಮಗ್ಗಕ್ಕೆ ಕಾಲು ಇಳಿಬಿಟ್ಟವನು. ಲಾಳಿ ನನಗೆ ಅನ್ನ ಕೊಟ್ಟಿತು, ಗುಂಡಿ ನನ್ನ ಮಂಡಿಗಳನ್ನು ಇಟ್ಟುಕೊಂಡಿತು. ನೆಲದ ಮೇಲೆ ಕೂರುವುದೇನೋ ಆಗುತ್ತದೆ; ಏಳುವುದು ಮಾತ್ರ ಆಗುವುದಿಲ್ಲ. ಚಾಪೆಯಿಂದ ಏಳಬೇಕಾದರೆ ಅವಳೇ ಬಂದು ಕೈ ಕೊಡಬೇಕು.

"ಏಳ್ರೀ, ಏಳ್ರೀ. ಮಂಡೀನ ಗುಂಡೀಲೇ ಬುಟ್ಟು ಬಂದ್ರಾ?"

"ಲೇ, ಮನೆ ತುಂಬ ಕುರ್ಚಿ ಐತೆ. ಕಟ್ಕೊಂಡ ಗಂಡಂಗೆ ಒಂದು ಕೊಡಬಾರ್ದಾ?"

"ಕೊಡ್ತೀನಿ ಇರ್ರೀ. ಅದೇನು ಅವಸರ?"

ಅವಸರವಂತೆ! ನನ್ನ ತಲೆಯ ಕೂದಲೆಲ್ಲ ಆ ಅವಸರದಲ್ಲೇ ಬೆಳ್ಳಗಾಯಿತು.

ಇದೆಲ್ಲ ಶುರುವಾದದ್ದು ಬೀದಿಯಲ್ಲಿ ಯಾರೋ ಎಸೆದಿದ್ದ ಒಂದು ಬೆತ್ತದ ಕುರ್ಚಿಯಿಂದ. ಎಲ್ಲರೂ ಅದನ್ನು ದಾಟಿಕೊಂಡು ಹೋದರು. ಇವಳು ಮಾತ್ರ ಬಗ್ಗಿ ನೋಡಿ, "ಅಯ್ಯೋ, ಇದೂ ನೇಯ್ಗೇನೇ ಅಲ್ವಾ? ನೂಲಿನ ಬದ್ಲು ಬೆತ್ತ, ಅಷ್ಟೇ ತಾನೆ!" ಎಂದು ಸೊಂಟಕ್ಕೇರಿಸಿಕೊಂಡು ಬಂದಳು. ಯಾರೂ ಅವಳಿಗೆ ಹೇಳಿಕೊಡಲಿಲ್ಲ. ಅರ್ಧ ಬಿಚ್ಚಿ ನೋಡಿ, ಅರ್ಧ ನೇಯ್ದು ಕಲಿತಳು. ಆಮೇಲೆ ಸೋಫಾ ಬಿಚ್ಚಿದಳು, ಸ್ಪ್ರಿಂಗು ಕಟ್ಟಿದಳು, ರೆಕ್ಸಿನ್ ಹೊಲಿದಳು. ಸುತ್ತಮುತ್ತಲ ಊರುಗಳಿಂದ ಮುರಿದ ಕುರ್ಚಿಗಳು ವಿಳಾಸ ಕೇಳಿಕೊಂಡು ಬರತೊಡಗಿದವು.

ಬೆತ್ತವನ್ನು ನೇಯುವ ಮೊದಲು ನೀರಲ್ಲಿ ನೆನೆಸಬೇಕು. ಎಲ್ಲಿ ನೆನೆಸುತ್ತಾಳೆಂದು ನನಗೆ ಯಾರಾದರೂ ಹೇಳಿದ್ದರೆ ತಾನೆ! ಒಂದು ಬೆಳಿಗ್ಗೆ ಸ್ನಾನದ ಹಂಡೆಗೆ ಚೊಂಬು ಅದ್ದಿದೆ. ಏನೋ ತಣ್ಣಗೆ, ನುಣ್ಣಗೆ, ಸುರುಳಿಯಾಗಿ ಕೈಗೆ ಸುತ್ತಿಕೊಂಡಿತು. ನಾನು ಟವಲು ಸುತ್ತಿಕೊಂಡು ಬೀದಿಯಲ್ಲಿದ್ದೆ. ಮಂಡಿ ನೋವಿನ ಮನುಷ್ಯ ಹೀಗೂ ಓಡಬಲ್ಲನೇ ಎಂದು ಬೀದಿಯವರಿಗೆಲ್ಲ ಖುಷಿಯೋ ಖುಷಿ. ಅವಳು ಬಚ್ಚಲಿಗೆ ಓಡಿದಳು. ನನ್ನನ್ನು ನೋಡಲಲ್ಲ, ಹಂಡೆ ನೋಡಲು! ಅಲ್ಲಿಂದಲೇ ಕೂಗಿದಳು: "ಏನ್ರೀ, ಬೆತ್ತ ಏನೂ ಮುರಿದಿಲ್ಲ ತಾನೆ?"

ಇನ್ನು ಕಲ್ಯಾಣ ಮಂಟಪದ ಕಥೆ. ಗಂಡು ಹೆಣ್ಣು ಕೂರುವ ಎರಡು ದೊಡ್ಡ ಕುರ್ಚಿಗಳ ಬಟ್ಟೆ ಹರಿದಿತ್ತು. ಮಂಟಪದವರು ಅವಸರ ಮಾಡಿದರು. ನಾನು ನೇಯ್ದ ರೇಷ್ಮೆ ಸೀರೆಯೊಂದನ್ನು ಎಲ್ಲೋ ಒಂದು ಗೆರೆ ಬಂದಿದೆಯೆಂದು ವ್ಯಾಪಾರಿ ವಾಪಸು ಮಾಡಿದ್ದ. ಎಲೆಹಸಿರು ಒಡಲು, ಅರಿಶಿನ ಬಣ್ಣದ ಅಂಚು. ಇವಳು ಅದನ್ನೇ ಕುರ್ಚಿಗಳಿಗೆ ಉಡಿಸಿದಳು! ಕೈಗಳ ಮೇಲೆ ಅಂಚು, ಬೆನ್ನಿಗೆ ಸೆರಗು. ಬೇರೆಯವರಾದರೆ ಬಟ್ಟೆಯನ್ನು ಸುಮ್ಮನೆ ಕತ್ತರಿಸಿ ಬಡಿಯುತ್ತಿದ್ದರು. ನೇಯುವವರ ಮನೆಯ ಹೆಣ್ಣು, ಸೆರಗನ್ನು ಅಡಿಗೆ ಹಾಕಲು ಮನಸ್ಸು ಬರುತ್ತದೆಯೇ?

ನಾವೂ ರಿಸೆಪ್ಶನ್ನಿಗೆ ಹೋದೆವು. ಹೆಣ್ಣು ಬಂದಳು. ಉಟ್ಟಿದ್ದು ಎಲೆಹಸಿರು ಸೀರೆ, ಅರಿಶಿನ ಅಂಚು. ಮಗ್ಗಕ್ಕೆ ಹೂಡಿದ ಅದೇ ಹಾಸಿನ ಎಳೆಗಳಲ್ಲಿ ನಾನೇ ನೇಯ್ದ ಇನ್ನೊಂದು ಸೀರೆ! ಅವಳು ಕುರ್ಚಿಯಲ್ಲಿ ಕೂತಳು, ಮಾಯವಾದಳು. ಗಾಳಿಯಲ್ಲಿ ಒಂದು ಮುಖ, ಎರಡು ಕೈ, ಅಷ್ಟೇ ಉಳಿದದ್ದು. ಕ್ಯಾಮೆರಾದಲ್ಲಿ ಕಣ್ಣಿಟ್ಟಿದ್ದ ಫೋಟೋದವನು "ಪೊಣ್ಣ ಕೂಪ್ಪಿಡುಂಗ!" ಎಂದು ಕೂಗಿದ, ಹೆಣ್ಣನ್ನು ಕರೀರಿ ಅಂತ. "ನಾನ್ ಇಂಗೆದಾನೇ ಇರುಕ್ಕೇನ್!" ಎಂದಿತು ಕುರ್ಚಿ, ಇಲ್ಲೇ ಇದ್ದೀನಲ್ಲ ಅಂತ.

ನನಗೆ ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸಿತು. ಇವಳು ನನ್ನ ಕಿವಿಯಲ್ಲಿ, "ಅಂಚಿಗೆ ಅಂಚು ಎಂಗೆ ಒಂದ್ಕೊಂಡೈತೆ ನೋಡ್ರೀ!" ಎಂದಳು. ನೋಡಿದೆ. ನಿಜ ಹೇಳುತ್ತೇನೆ, ನನಗೂ ಎದೆ ಉಬ್ಬಿತು. ನನ್ನ ನೇಯ್ಗೆ ಎಲ್ಲಿ ಮುಗಿಯಿತು, ಅವಳ ಮೊಳೆ ಎಲ್ಲಿ ಶುರುವಾಯಿತು ಎಂದು ಇಡೀ ಮಂಟಪದಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಕೊನೆಗೂ ನನಗೊಂದು ಕುರ್ಚಿ ತರುವ ದಿನ ಬಂತು. ಏರ್ಕಾಡಿನ ಎಸ್ಟೇಟು ಬಂಗಲೆಯೊಂದರಲ್ಲಿ ಹಳೇ ಸಾಮಾನು ತೆಗೆದು ಹಾಕುತ್ತಿದ್ದಾರೆಂದು ಸುದ್ದಿ ಬಂತು. ಇಬ್ಬರೂ ಹೋದೆವು. ಉದ್ದ ಕೈಗಳ ಈಸಿ ಚೇರು. ಮರ ಗಟ್ಟಿ, ಬೆತ್ತ ಪೂರಾ ಹರಿದಿದೆ. ಬಸ್ಸು ತುಂಬಿ ತುಳುಕುತ್ತಿತ್ತು. ಕಂಡಕ್ಟರು ಕುರ್ಚಿ ನೋಡಿ ಹೌಹಾರಿದ.

"ಏಮ್ಮಾ, ಉಕ್ಕಾರ ಇಡಮೇ ಇಲ್ಲೆ, ಇದು ಎನ್ನಮ್ಮಾ?" ಕೂರಲು ಜಾಗವೇ ಇಲ್ಲ, ಇದೇನಮ್ಮಾ ಎಂದು.

"ಅದುಕ್ಕುದಾನಪ್ಪಾ, ನಾನೇ ಕೊಂಡುವಂದಿರುಕ್ಕೇನ್!" ಅದಕ್ಕೇ ಕಣಪ್ಪ, ನಾನೇ ತಂದಿದ್ದೇನೆ ಎಂದಳು ಇವಳು.

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರೂ ನಕ್ಕು ಹಿಂದಿನ ಬಾಗಿಲ ಹತ್ತಿರ ಜಾಗ ಬಿಡಿಸಿದ. ಇವಳು ನನ್ನ ಹೆಗಲ ಟವಲು ಕಿತ್ತು ಕುರ್ಚಿಯ ಅಡ್ಡಕ್ಕೆ ಬಿಗಿದು ಕಟ್ಟಿ, ಘಾಟ್ ರಸ್ತೆಯ ಉದ್ದಕ್ಕೂ ಮಹಾರಾಣಿಯ ಹಾಗೆ ಕೂತು ಬಂದಳು. ಯಾರಿಗೆಂದು ತಂದಳೋ ಆ ನಾನು ತಿರುವು ತಿರುವಿಗೂ ತೂಗಾಡುತ್ತ ಕಂಬಿ ಹಿಡಿದು ನಿಂತು ಬಂದೆ!

ಮನೆಗೆ ತಂದು ಉಜ್ಜಿದಳು, ಎಣ್ಣೆ ಕುಡಿಸಿದಳು, ಕಾಲುಗಳಿಗೆ ಮರದ ತುಂಡು ಸೇರಿಸಿ ಎತ್ತರ ಮಾಡಿದಳು. "ಕೊಕ್ಕರೆ ಕಾಲು ಆಯ್ತಲ್ಲೇ!" ಎಂದೆ. "ನಿಮಗೇನ್ ಗೊತ್ತು, ಸುಮ್ಕಿರಿ" ಎಂದಳು. ಬೆತ್ತ ನೇಯ್ದಳು. ಕೊನೆಯ ನಾಲ್ಕು ಸಾಲು ಉಳಿದಾಗ ನಿಲ್ಲಿಸಿಬಿಟ್ಟಳು.

ಯಾಕೆ ಗೊತ್ತೇ? ಮಗ್ಗದಲ್ಲಿ ಹಾಸು ಮುಗಿಯುತ್ತ ಬಂದಾಗ ನಾವು ಕೊನೆಯವರೆಗೂ ನೇಯುವುದಿಲ್ಲ. ಗೇಣುದ್ದ ಎಳೆ ಉಳಿಸುತ್ತೇವೆ. ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಅದಕ್ಕೆ ಹೊಸೆಯುತ್ತೇವೆ. ಮಗ್ಗ ಬರಿದಾಗಬಾರದು. ಇವಳು ಆ ಪದ್ಧತಿಯನ್ನು ಕುರ್ಚಿಗಳಿಗೂ ತಂದಿದ್ದಳು. ಒಂದಾದರೂ ಕೈಯಲ್ಲಿ ಉಳಿದಿರಬೇಕು. ಇನ್ನೊಂದು ಮನೆಗೆ ಬಂದ ಮೇಲೇ ಅದನ್ನು ಮುಗಿಸಬೇಕು.

"ಈಗ ಇನ್ನೊಂದು ಬಂತಲ್ಲೇ, ನಂದು ಮುಗಿಸು" ಎಂದರೆ, "ಊರೋರ್ದು ಮೊದ್ಲು. ಅವ್ರು ಕಾಯಾಕಿಲ್ಲ. ನೀವು ಕಾಯ್ತೀರ" ಎನ್ನುವಳು. ಹೀಗೆ ಊರವರೆಲ್ಲ ಕುರ್ಚಿಯಲ್ಲಿ ಕೂತರು. ಅವಳ ಕೈ ಬರಿದಾಗದಂತೆ ನನ್ನ ಕುರ್ಚಿ ಕಾಯುತ್ತ ನಿಂತಿತು. ಚಾಪೆಯ ಮೇಲೆ ನಾನೂ ಕಾದೆ.

ಹೋದ ಆಡಿ ತಿಂಗಳಲ್ಲಿ ಜ್ವರ ಎಂದು ಮಲಗಿದವಳು ಮತ್ತೆ ಏಳಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಊರವರು ಬಂದು ತಮ್ಮ ತಮ್ಮ ಕುರ್ಚಿಗಳನ್ನು ಇದ್ದ ಹಾಗೇ ಎತ್ತಿಕೊಂಡು ಹೋದರು. ಮನೆ ಇಷ್ಟು ದೊಡ್ಡದೆಂದು ನನಗೆ ಗೊತ್ತೇ ಇರಲಿಲ್ಲ. ಈಸಿ ಚೇರು ಒಂದೇ ಉಳಿಯಿತು. "ನೀವೂ ನೇಯೋರೇ ಅಲ್ವಾ ಭಾವ? ನಾಕು ಸಾಲು, ಮುಗಿಸ್ಬುಡಿ" ಎಂದ ಬಾಮೈದ. ನಾನು ಮುಟ್ಟಲಿಲ್ಲ. ಅದು ಮುಗಿದರೆ ಅವಳ ಕೈ ಬರಿದಾಗುತ್ತದಲ್ಲ.

ಮೊನ್ನೆ ಕಂಬೈನಲ್ಲೂರು ಕಡೆಯ ಹೆಂಗಸೊಬ್ಬಳು, ಬೆತ್ತ ಹರಿದ ಕುರ್ಚಿಯೊಂದನ್ನು ತಲೆಯ ಮೇಲೆ ಹೊತ್ತು ಬಾಗಿಲಿಗೆ ಬಂದಳು.

"ಅಕ್ಕ ಅವ್ರಾ, ಅಣ್ಣ?"

"ಇಲ್ಲಮ್ಮ. ಓಗ್ಬುಟ್ಳು."

ಅವಳು ಕುರ್ಚಿ ಇಳಿಸಿ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಕುರ್ಚಿಯನ್ನು ಮತ್ತೆ ತಲೆಗೆತ್ತಲು ಬಗ್ಗಿದಳು.

"ಇರ್ಲಿ, ಬುಟ್ಟೋಗಮ್ಮ."

"ಯಾರ್ ಮಾಡ್ತಾರಣ್ಣ?"

"ನಾನ್ ಮಾಡ್ತೀನಿ."

ಅವಳು ಹೋದ ಮೇಲೆ ಆ ಕುರ್ಚಿಯನ್ನು ಒಳಗೆ ತಂದು ಗೋಡೆಗೆ ಆನಿಸಿದೆ. ಇನ್ನೊಂದು ಬಂತಲ್ಲ, ಇನ್ನು ಮುಗಿಸಬಹುದು. ಬೆತ್ತವನ್ನು ಸ್ನಾನದ ಹಂಡೆಯಲ್ಲೇ ನೆನೆಹಾಕಿದೆ. ಈಸಿ ಚೇರಿನಲ್ಲಿ ನನ್ನವಳು ನಿಲ್ಲಿಸಿದ ಕಡೆಯಿಂದ ಹಿಡಿದು ನಾಲ್ಕು ಸಾಲು ನೇಯ್ದೆ. ನೋಡಿದರೆ ಅವಳ ಸಾಲು ಯಾವುದು, ನನ್ನದು ಯಾವುದು ಎಂದು ನಿಮಗೆ ಗೊತ್ತಾಗಲಿಕ್ಕಿಲ್ಲ.

ನನ್ನ ಕುರ್ಚಿಯಲ್ಲಿ ಕೂತೆ. ಕೊಕ್ಕರೆ ಕಾಲು ಯಾಕೆಂದು ಏಳುವಾಗ ತಿಳಿಯಿತು. ಮಂಡಿ ಒಂದಿಷ್ಟೂ ನೋಯಲಿಲ್ಲ. ಯಾರೂ ಕೈ ಕೊಡಬೇಕಾಗಲಿಲ್ಲ.