ಮೂರು ಸಲ ಮೊದಲಿನಿಂದ ಶುರು ಮಾಡಿದ ಬದಲಿ ಡಿಸ್ಕಿಗೆ

ಮಸ್ಕಿ, ಗುರುವಾರ ಸಂಜೆ, ೧೯೯೮

ಮಸ್ಕಿಯ ಮಹಾಜನರೇ, ಲಿಂಗಸುಗೂರಿನಿಂದ ಬಸ್ಸು ಹಿಡಿದು ಬಂದ ರಸಿಕರೇ, ಚಾಪೆ ತಂದ ತಾಯಂದಿರೇ, ಮುಂದಿನ ಸಾಲಿನವರು ರುಮಾಲು ತಗ್ಗಿಸಿ, ಹಿಂದಿನವರು ಬೀಡಿ ಆರಿಸಿ ಕೇಳಬೇಕು! ನಿಮ್ಮೆಲ್ಲರ ಸಾಕ್ಷಿಯಲ್ಲಿ, ಸಿಂಧನೂರಿನ ಮಕ್ತುಮ್‌ಸಾಬರ ಟೈಪಿಂಗ್ ಅಂಗಡಿಯ ದೊಡ್ಡ ಕಂಪ್ಯೂಟರಿನಲ್ಲಿ ವಾಸವಾಗಿರುವ ಐದನೇ ಡಿಸ್ಕಿಗೆ ಈ ಬಹಿರಂಗ ಪತ್ರ.

ಮಾನ್ಯರೇ,

ತಮ್ಮ ಪಾದಗಳಿಗೆ, ಇದ್ದರೆ, ಸಾಷ್ಟಾಂಗ ನಮಸ್ಕಾರ. ಟೈಪಾದದ್ದನ್ನೆಲ್ಲ ಹಂಚಿಕೊಂಡು ಹೊತ್ತ ನಾಲ್ಕು ಡಿಸ್ಕುಗಳು ಬೆವರು ಸುರಿಸುತ್ತಿದ್ದಾಗ ತಾವು ಬಣ್ಣ ಹಚ್ಚಿಕೊಂಡು ಪರದೆ ಹಿಂದೆ ಕೂತ ಬದಲಿ ನಟನಂತೆ ಕರೆಂಟು ಕುಡಿಯುತ್ತ ಸುಮ್ಮನೆ ತಿರುಗುತ್ತಿದ್ದಿರಿ. ನಾಲ್ವರಲ್ಲಿ ಒಬ್ಬ ಬಿದ್ದ ಕ್ಷಣವೇ ಅವನ ಜಾಗಕ್ಕೆ ಜಿಗಿದು, ಮಿಕ್ಕ ಮೂವರನ್ನು ಕೇಳಿ ಕೇಳಿ ಅವನ ಮಾತನ್ನೆಲ್ಲ ಬಾಯಿಪಾಠ ಮಾಡುವುದೇ ತಮ್ಮ ಧರ್ಮವೆಂದು ಮಕ್ತುಮ್‌ಸಾಬರು ಹೇಳಿದಾಗ ನಾನು ಕಣ್ಣೊರೆಸಿಕೊಂಡೆ. ಆ ನಂಬಿಕೆಯ ಮೇಲೆಯೇ, ನನ್ನ ಹೊಸ ನಾಟಕ ಟೈಪಾಗಿ ಮುಗಿದ ದಿನ, ಬರೆದ ಕಾಗದವನ್ನು ಕಸಕ್ಕೆ ಹಾಕಬಾರದೆಂಬ ನಮ್ಮ ಕಂಪನಿಯ ಪದ್ಧತಿಯಂತೆ, ಕೈಬರಹದ ಪೋಥಿಗೆ ಕುಂಕುಮ ಹಚ್ಚಿ ಎಡದಂಡೆ ಕಾಲುವೆಗೆ ಬಿಟ್ಟೆ.

ಎರಡು ಅಂಕ ಪ್ರಿಂಟಾದವು. ಮೂರನೆಯದು ಆಗುವ ಮೊದಲೇ, ಸೋಮವಾರ, ಎರಡನೇ ಡಿಸ್ಕು ಕಟಕಟ ಎಂದು ಪ್ರಾಣ ಬಿಟ್ಟಿತು. ಆಟ ಈ ಶನಿವಾರ!

ತಾವು ರಂಗಪ್ರವೇಶ ಮಾಡಿದಿರಿ. ಆಹಾ, ಆ ದೀಪದ ಮಿಣಮಿಣವೇನು! ಹತ್ತು ತಾಸಿನ ಪಾಠ. ಆರು ತಾಸು ಕಳೆಯುವಷ್ಟರಲ್ಲಿ ಕರೆಂಟು ಹೋಯಿತು. ಬಂದಾಗ ತಾವು ಮತ್ತೆ ಸೊನ್ನೆಯಿಂದ. ಮಂಗಳವಾರವೂ ಹಾಗೆ. ಬುಧವಾರವೂ ಹಾಗೆ. ಜನ 'ಒನ್ಸ್ ಮೋರ್' ಎಂದರೆ ನಮ್ಮವರೂ ಹಾಡನ್ನು ಮೊದಲಿನಿಂದ ಎತ್ತುತ್ತಾರೆ, ಆದರೆ ಸ್ವಾಮೀ, ತಮಗೆ ಕೂಗಿದವರು ಯಾರು? ಕರೆಂಟಿಲ್ಲದಾಗ ತಾವು ಉಸಿರು ಬಿಗಿಹಿಡಿದೋ, ಪಕ್ಕದ ಅಕ್ಕಿ ಗಿರಣಿಯ ಡೀಸೆಲ್ ಎಂಜಿನ್ನಿಗೆ ಬೆಲ್ಟು ಕಟ್ಟಿಕೊಂಡೋ ತಿರುಗುತ್ತಿರಬೇಕೆಂದು ವಿನಮ್ರ ಪ್ರಾರ್ಥನೆ.

ಇತ್ತ ನಮ್ಮ ರಾಣಿ ಪಾತ್ರದ ಅಮರಮ್ಮ ದಿನಕ್ಕೆ ನಾಲ್ಕು ಸಲ, "ಮಾಸ್ತರ್ರೀ, ಮೂರನೇ ಅಂಕದಾಗ ನಾ ಸಾಯ್ತೀನೋ ಉಳೀತೀನೋ, ಅಷ್ಟರ ಹೇಳ್ರಿ, ಸೀರಿ ಯಾವುದು ಉಡಬೇಕು ನೋಡ್ತೀನಿ" ಎನ್ನುತ್ತಾಳೆ. ಏಳು ಸಲ ತಿದ್ದಿದ ನನಗೇ ಕೊನೆಯದು ಯಾವುದೆಂದು ನೆನಪಿಲ್ಲ. ಮಕ್ತುಮ್‌ಸಾಬರನ್ನು ಕೇಳಿದರೆ, "ಮುಟ್ಟಬ್ಯಾಡ್ರಿ ಮಾಸ್ತರ್, ಅದು ಕಲಿಯಾಕತ್ತೈತಿ" ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ.

ಈಗಷ್ಟೇ ಅವರ ಫೋನು ಬಂತು. ಯಂತ್ರ ಮಾರಿದ ಹೈದರಾಬಾದಿನವರು ಬಿದ್ದು ಬಿದ್ದು ನಕ್ಕರಂತೆ: ತಮ್ಮ ಪಾಠ ಮುಗಿಯದಿದ್ದರೂ ಉಳಿದ ಮೂವರು ಸೇರಿ ಪೂರ್ತಿ ನಾಟಕ ಹೇಳಬಲ್ಲರು, ಸೋಮವಾರವೇ ಪ್ರಿಂಟ್ ತೆಗೆಯಬಹುದಿತ್ತು; ಅವರಲ್ಲಿ ಇನ್ನೊಬ್ಬ ಬಿದ್ದರೆ ಮಾತ್ರ ಎಲ್ಲವೂ ಮಣ್ಣು! ನಾಲ್ಕು ದಿನ ನಾವು ಕಾದದ್ದು ತಮ್ಮ ಮುಖ ನೋಡಿಕೊಂಡು. ಈ ಸಂಜೆಯೂ ಸಿಂಧನೂರಿನಲ್ಲಿ ಕರೆಂಟಿಲ್ಲ.

ಆದಕಾರಣ, ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ತಮ್ಮ ದೀಪ ಮಿಣುಕಲಿ ಬಿಡಲಿ, ಆ ಮೂವರು ಮುದುಕರ ಬಾಯಿಂದ ಮೂರನೇ ಅಂಕ ಕಾಗದಕ್ಕೆ ಇಳಿಸುತ್ತೇನೆ.

ತಮ್ಮ ವಿಶ್ವಾಸಿ,
ಅಂಬಪ್ಪ ಮಾಸ್ತರ್
ನಾಟಕ ಕಂಪನಿ, ಮಸ್ಕಿ

ತಾ.ಕ.: ಬರುವಾಗ ಕುಂಕುಮದ ಡಬ್ಬಿ ತರುತ್ತಿದ್ದೇನೆ. ನಾನು ಮುಟ್ಟುವ ಮೊದಲು ಆ ಮೂವರಲ್ಲಿ ಒಬ್ಬರು ಕಣ್ಣು ಮುಚ್ಚಿದರೆ, ಪೋಥಿಗೆ ಕೊಟ್ಟ ಮರ್ಯಾದೆಯನ್ನೇ ತಮಗೂ ಕೊಡುತ್ತೇನೆ. ಕಾಲುವೆಯಲ್ಲಿ ಇನ್ನೂ ನೀರಿದೆ.