ಗದ್ದೆಯಾಚೆಗೊಂದು ತೂಟೆ

ಮೀಸೆ ನರೆತ ಗಂಡಸು ತನಗೆ ಕತ್ತಲೆಯೆಂದರೆ ಹೆದರಿಕೆ ಎಂದು ಹೇಳಿಕೊಳ್ಳುವುದು ಮರ್ಯಾದೆಯಲ್ಲ. ಆದರೂ ಹೇಳುತ್ತೇನೆ, ನನಗೆ ಹೆದರಿಕೆ. ಮಣಿಪಾಲದ ಆಫೀಸಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ಇಡೀ ದಿನ ಧೈರ್ಯವಾಗಿಯೇ ಇರುತ್ತೇನೆ. ಕೆಮ್ಮಣ್ಣು ಎಂಬ ಹಳ್ಳಿಯ ನಮ್ಮ ಮನೆಯಲ್ಲಿ ಸಂಜೆ ಕರೆಂಟು ಹೋಯಿತೆಂದರೆ ಮಾತ್ರ, ಬಚ್ಚಲಿಗೆ ಹೋಗಬೇಕಾದರೂ ಹೆಂಡತಿಗೆ ಆ ಕಡೆ ಏನಾದರೊಂದು ಕೆಲಸ ಹುಡುಕಿ ಕೊಡುತ್ತೇನೆ.

ಮೊನ್ನೆ ಹಾಗೆಯೇ ಕರೆಂಟು ಹೋಯಿತು. ಮೊಬೈಲುಗಳಲ್ಲೂ ಚಾರ್ಜ್ ಇರಲಿಲ್ಲ. ಗದ್ದೆಯಾಚೆ ಕಮಲಕ್ಕನ ಮನೆಗೆ ಆಡಲು ಹೋದ ಮಗಳು ಇನ್ನೂ ಬಂದಿರಲಿಲ್ಲ.

"ಮಗು ಹೆದರ್ತದೆ, ಹೋಗಿ ಕರ್ಕೊಂಡು ಬನ್ನಿ. ಬಚ್ಚಲಲ್ಲಿ ಒಣ ಮಡಲು ಉಂಟಲ್ಲ, ಒಂದು ತೂಟೆ ಮಾಡಿ" ಎಂದಳು ಹೆಂಡತಿ.

ತೆಂಗಿನ ಒಣ ಗರಿಗಳನ್ನು ಕಟ್ಟಿ ತುದಿಗೆ ಬೆಂಕಿ ಹಚ್ಚಿದರೆ ಅದೇ ತೂಟೆ. ಅವಳು ಹುಟ್ಟಿ ಬೆಳೆದದ್ದು ಇಲ್ಲೇ. ನಾನು ಕಾರ್ಕಳ ಪೇಟೆಯವನು. ಸಡಿಲ ಕಟ್ಟಿದರೆ ಭಗ್ಗನೆ ಉರಿದು ಮುಗಿಯುತ್ತದೆಂದು ಹೆದರಿ ಬಿಗಿಯಾಗಿ ಕಟ್ಟಿದೆ. ಬೆಳಕಿಗಿಂತ ಹೊಗೆಯೇ ಹೆಚ್ಚಾಯಿತು.

"ಬೀಸುತ್ತಾ ಹೋಗಿ, ಇಲ್ಲದಿದ್ದರೆ ಆರ್ತದೆ" ಎಂದು ಹಿಂದಿನಿಂದ ಕೂಗಿದಳು.

ಬೀಸುತ್ತಾ ಗದ್ದೆಯ ಬದುವಿಗೆ ಇಳಿದೆ. ತೂಟೆಯ ಬೆಳಕಿನಲ್ಲಿ ಕಾಣುವುದು ತೂಟೆ ಮಾತ್ರ ಎಂದು ಆಗ ತಿಳಿಯಿತು. ಕಾಲ ಬುಡದಲ್ಲಿ ಹಾವೋ ಹಗ್ಗವೋ ಒಂದೂ ಗೊತ್ತಾಗುತ್ತಿಲ್ಲ. ಕಪ್ಪೆಯೊಂದು ಹಾರಿದಾಗ ನಾನೂ ಹಾರಿದೆ. ಅಷ್ಟರಲ್ಲಿ ಎದುರಿನ ಕಮಲಕ್ಕನ ಜಗಲಿಯ ದೀಪ ತಟ್ಟನೆ ಆರಿತು. ಬಾಗಿಲು ದಡಾರನೆ ಮುಚ್ಚಿಕೊಂಡಿತು. ಅವರು ಏನೋ ಕಂಡಿದ್ದಾರೆ, ಅದು ನನ್ನ ಬೆನ್ನ ಹಿಂದೆಯೇ ಇರಬೇಕು ಎನಿಸಿದ್ದೇ ತಡ, ತೂಟೆಯನ್ನು ಇನ್ನೂ ಜೋರಾಗಿ ಬೀಸುತ್ತಾ ಓಡಿದೆ. ಅಂಗಳ ತಲಪುವಾಗ ಬೆಂಕಿ ಕೈಯವರೆಗೆ ಬಂದಿತ್ತು. ಅದನ್ನು ಕೆಸರಿಗೆ ಎಸೆದು ಬಾಗಿಲು ಬಡಿದೆ.

"ಯಾರದು?" ಕಮಲಕ್ಕನ ಧ್ವನಿ.

"ನಾನು" ಎಂದೆ. ಹೊಗೆ ಕುಡಿದ ಗಂಟಲಿನಿಂದ ಬಂದ ಆ ಧ್ವನಿ ನನ್ನದೆಂದು ನನಗೇ ನಂಬಿಕೆ ಬರಲಿಲ್ಲ.

"ನಾನು ಅಂತ ಅದೂ ಹೇಳ್ತದೆ. ಕೊಳ್ಳಿದೆವ್ವ ಗದ್ದೆಯಲ್ಲಿ ಓಡಿ ಬಂದದ್ದು ನಾವು ನೋಡಿದ್ದೇವೆ."

ದೆವ್ವ ನಾನೇ ಎಂಬುದು ಹೊಳೆಯುವ ಮೊದಲು ಮತ್ತಷ್ಟು ಹೆದರಿ ಬಾಗಿಲಿಗೆ ಅಂಟಿಕೊಂಡೆ.

"ಮಗುವಿನ ಅಪ್ಪನೇ ಆದರೆ ಅವಳು ಎಷ್ಟನೇ ಕ್ಲಾಸು, ಹೇಳಿ ನೋಡುವ."

"ಮೂರನೇ ಕ್ಲಾಸು, ಮಾರಾಯ್ರೇ. ಬಾಗಿಲು ತೆಗೀರಿ."

ಒಳಗಿನಿಂದ ಮಗಳು ನಿಧಾನವಾಗಿ ಹೇಳಿದ್ದು ಕೇಳಿಸಿತು.

"ನಾನು ನಾಲ್ಕನೇ ಕ್ಲಾಸು. ಬಾಗಿಲು ತೆಗೀರಿ ಆಂಟಿ, ಅದು ಅಪ್ಪನೇ."