ಯಜಮಾನರ ತೋಳಿನ ಉಪ್ಪುಕಂಡ

ಮಾಂಸವನ್ನು ಕೆಡದ ಹಾಗೆ ಇಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಹುತ್ತೂರಿನ ಸುತ್ತಮುತ್ತ ಇನ್ನೂ ಹುಟ್ಟಿಲ್ಲ. ಮೂರನೇ ಕ್ಲಾಸಿನಲ್ಲಿ ನಾನು ಸೋತಿರಬಹುದು, ಉಪ್ಪುಕಂಡದಲ್ಲಿ ಎಂದೂ ಸೋತಿಲ್ಲ. ಉಪ್ಪು, ಅರಿಶಿನ, ಜಜ್ಜಿದ ಬೆಳ್ಳುಳ್ಳಿ ಸವರಿ ನಾನು ಬಿಸಿಲಿಗೆ ಹಾಕಿದೆನೆಂದರೆ ಮುಂದಿನ ಮಳೆಗಾಲದವರೆಗೂ ಅದರ ಹತ್ತಿರ ಹುಳು ಸುಳಿಯದು! ನನ್ನ ಮಾನ ಹೋದದ್ದು ಈ ವಿದ್ಯೆಯಿಂದಲೇ.

ನಮ್ಮ ಯಜಮಾನರ ಬಲತೋಳಿನಲ್ಲಿ ಬಹಳ ವರ್ಷಗಳಿಂದ ಒಂದು ಗಡ್ಡೆಯಿತ್ತು. ನಿಂಬೆಹಣ್ಣಿನಷ್ಟಿದ್ದಾಗ ಅದನ್ನು ಯಾರೂ ಮಾತಾಡಿಸಲಿಲ್ಲ. ಕಿತ್ತಳೆಯಷ್ಟಾದ ಮೇಲೆ ಕೋಲಾರದ ಡಾಕ್ಟರು ಅದರಿಂದ ಸ್ವಲ್ಪ ಕತ್ತರಿಸಿ ಪರೀಕ್ಷೆ ಮಾಡಿದರು.

"ಗಡ್ಡೆಯ ಜೀವಕಣಗಳು ವಿಕಾರವಾಗಿ ಕಾಣ್ತಿವೆ. ಕ್ಯಾನ್ಸರ್ ಇದ್ರೂ ಇರಬಹುದು. ಹಾಗಿದ್ರೆ ತೋಳೇ ತೆಗೀಬೇಕಾಗುತ್ತೆ" ಎಂದರು.

ನಮ್ಮ ಮೊದಲ ಮೊಮ್ಮಗಳು ಆಗ ಎರಡು ತಿಂಗಳ ಕೂಸು. ಚಿನ್ನ ಕಣ್ರೀ, ಅಪ್ಪಟ ಚಿನ್ನ! ಅವಳನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿ ನಗಿಸಬೇಕಾದ ತಾತನಿಗೆ ಒಂದೇ ಕೈ ಉಳಿಯುವುದೆಂದರೆ? ನನ್ನ ಜೀವ ಹಾರಿಹೋಯಿತು.

ಡಾಕ್ಟರು ಒಂದು ಚಿಕ್ಕ ಸೀಸೆ ಕೊಟ್ಟರು. ಒಳಗೆ ನೀರು, ನೀರಿನೊಳಗೆ ಯಜಮಾನರ ಚೂರು. "ಇದನ್ನ ಬೆಂಗಳೂರಿಗೆ ತಗೊಂಡು ಹೋಗಿ. ಅಲ್ಲಿ ಹೊಸ ಪರೀಕ್ಷೆ ಬಂದಿದೆ. ಬಣ್ಣ ಬರಿಸಿ ಹೇಳ್ತಾರೆ."

ನನಗೆ ಅನುಮಾನ ಶುರುವಾದದ್ದೇ ಅಲ್ಲಿ. ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತೇವೆ. ಅದರಿಂದ ಎತ್ತಿನ ರೋಗ ಗೊತ್ತಾದದ್ದನ್ನು ನಾನಂತೂ ಕಂಡಿಲ್ಲ.

ಮನೆಗೆ ಬಂದವಳೇ ಸೀಸೆಯ ಮುಚ್ಚಳ ತೆಗೆದು ಮೂಸಿದೆ. ಅಯ್ಯಯ್ಯೋ! ಕಣ್ಣು ಉರಿ, ಮೂಗು ಉರಿ, ಗಂಟಲು ಉರಿ. ಇಂಥ ಕೆಟ್ಟ ನೀರಿನಲ್ಲಿ ಮಾಂಸ ಬೆಂಗಳೂರು ಮುಟ್ಟುವುದುಂಟೇ? ಮಾಲೂರು ದಾಟುವಷ್ಟರಲ್ಲಿ ಕೊಳೆಯುತ್ತದೆ! ಡಾಕ್ಟರು ಓದಿರಬಹುದು, ಉಪ್ಪುಕಂಡ ಹಾಕಿದವರಲ್ಲ. ನೀರನ್ನು ಬಚ್ಚಲಿಗೆ ಸುರಿದೆ. ಉಪ್ಪು ಸವರಿದೆ, ಅರಿಶಿನ ಸವರಿದೆ. ಕೈ ತಡೆಯಲಿಲ್ಲ, ಬೆಳ್ಳುಳ್ಳಿಯನ್ನೂ ಸವರಿ ಬಿಸಿಲಿಗಿಟ್ಟೆ. ಕಾಗೆ ಬಂತು. ಯಜಮಾನರ ತೋಳು ಕಾಗೆಯ ಪಾಲಾಗುವುದೇ! ಕೋಲು ಹಿಡಿದು ಕಾವಲು ಕೂತೆ.

ಹಿಪ್ಪುನೇರಳೆ ತೋಟದಿಂದ ಬಂದ ಯಜಮಾನರು ಕೇಳಿದರು, "ಏನೇ ಇದು? ಒಂದು ಚೂರಿಗೆ ಇಷ್ಟು ಕಾವಲಾ?"

"ಎಲ್ಲಾ ನಿಮ್ ಒಳ್ಳೇದಕ್ಕೇ. ಸುಮ್ನೆ ಒಳಗೋಗಿ."

"ರಾತ್ರಿ ಸಾರಿಗೆ ಹಾಕ್ತೀಯಾ?"

ಕಾಗೆಯ ಕಡೆಗಿದ್ದ ಕೋಲನ್ನು ಅವರ ಕಡೆಗೆ ತಿರುಗಿಸಿದೆ.

ಮರುದಿನ ಇಬ್ಬರೂ ಬೆಂಗಳೂರು ಬಸ್ಸು ಹತ್ತಿದೆವು. ಒಣಗಿದ ಚೂರನ್ನು ಮತ್ತೆ ತುಂಬಿದ ಸೀಸೆ ನನ್ನ ಮಡಿಲಲ್ಲಿ. ಪಕ್ಕದಲ್ಲಿ ಮುಳಬಾಗಿಲಿನ ಕಡೆಯ ಹೆಂಗಸೊಬ್ಬಳು ಕೂತಿದ್ದಳು. ಬಸ್ಸು ಕುಲುಕಿದಂತೆಲ್ಲ ಅವಳ ಮೂಗು ನನ್ನ ಮಡಿಲ ಕಡೆಗೇ ಬಗ್ಗುತ್ತಿತ್ತು.

"ಏಮಮ್ಮಾ, ಉಪ್ಪುಕಂಡ ಘಮ್ ಅಂತೈತೆ! ಒಂದ್ ಚೂರು ಕೊಡಮ್ಮ, ಬಾಯಿಗೆ ಹಾಕ್ಕೊಂತೀನಿ."

"ಮುಟ್ಟಬೇಡ! ಇದು ನಮ್ಮೆಜಮಾನ್ರು ಕಣಮ್ಮ!" ಎಂದು ಕಿರುಚಿದೆ.

ಅವಳು ಗಂಟುಮೂಟೆಯ ಸಮೇತ ಹಿಂದಿನ ಸೀಟಿಗೆ ಓಡಿದಳು. ಯಜಮಾನರು ಒಮ್ಮೆ ಸೀಸೆ ನೋಡಿದರು, ಒಮ್ಮೆ ತೋಳು ನೋಡಿಕೊಂಡರು. ಆಮೇಲೆ ಬೆಂಗಳೂರಿನವರೆಗೂ ಆ ತೋಳನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡೇ ಕೂತರು!

ಲ್ಯಾಬಿನ ಡಾಕ್ಟರಮ್ಮ ವಯಸ್ಸಿನಲ್ಲಿ ನನ್ನ ಮಗಳಂತಿದ್ದರು. ಸೀಸೆ ತೆರೆದು ಮೂಸಿದರು, ಚೂರನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು.

"ಅಜ್ಜಿ, ಬಣ್ಣ ಹಾಕೋದು ನಮ್ಮ ಕೆಲಸ. ನೀವೇ ಹಾಕಿ ತಂದಿದ್ದೀರಲ್ಲ! ಇದರಲ್ಲಿದ್ದ ನೀರು?"

"ಆ ನೀರು ಸರಿಯಿರಲಿಲ್ಲ ತಾಯಿ, ಚೆಲ್ಲಿದೆ."

"ಚೂರು ಕೆಡದ ಹಾಗೆ ಕಾಯೋದೇ ಆ ನೀರು!"

ಯಜಮಾನರ ತೋಳನ್ನು ನಾನೇ ಬಚ್ಚಲಿಗೆ ಸುರಿದುಬಿಟ್ಟೆನೇ? ಡಾಕ್ಟರಮ್ಮ ಕೋಲಾರಕ್ಕೆ ಟ್ರಂಕ್ ಕಾಲ್ ಹಾಕಿಸಿದರು. ದೇವರು ದೊಡ್ಡವನು! ಅಲ್ಲಿನ ಡಾಕ್ಟರು ಇನ್ನೊಂದು ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟಿದ್ದರು. ನಾವು ಊರಿಗೆ ಮರಳಿದ ಮೇಲೆ ಅದನ್ನು ಲ್ಯಾಬಿಗೆ ಮುಟ್ಟಿಸಲು ಯಜಮಾನರೇ ಹೊರಟರು.

"ನಾನೂ ಬರ್ತೀನಿ ರೀ."

"ನೀನು ಬಂದ್ರೆ ಮೇಣಕ್ಕೆ ಬತ್ತಿ ಹಾಕಿ ಹಚ್ಚಿಬಿಡ್ತೀಯ. ಮನೇಲಿರು!"

ಫಲಿತಾಂಶದ ದಿನ ಮಾತ್ರ ನನ್ನನ್ನೂ ಕರೆದೊಯ್ದರು. ಡಾಕ್ಟರಮ್ಮ ನಗುತ್ತಾ ಹೇಳಿದರು, "ನರದ ಹೊದಿಕೆಯ ಕಣಗಳಲ್ಲಿ ಒಂದು ಪ್ರೋಟೀನ್ ಇರುತ್ತೆ. ನಮ್ಮ ಮದ್ದು ಹುಡುಕ್ಕೊಂಡು ಹೋಗಿ ಅದಕ್ಕೇ ಅಂಟ್ಕೊಳ್ಳುತ್ತೆ. ಅಂಟಿದ ಕಡೆ ಕಂದು ಬಣ್ಣ. ನಿಮ್ಮ ಯಜಮಾನರ ಚೂರು ಪೂರ್ತಿ ಕಂದಾಗಿದೆ. ಇದು ನರದ ಹೊದಿಕೆಯ ಗಡ್ಡೆ. ತುಂಬಾ ಹಳೇದಾದ್ರಿಂದ ಕಣಗಳು ವಿಕಾರವಾಗಿವೆ, ಅಷ್ಟೇ. ಕ್ಯಾನ್ಸರ್ ಅಲ್ಲ. ಗಡ್ಡೆ ತೆಗೆದರೆ ಸಾಕು, ತೋಳು ಉಳೀತು."

ಬೇರೆಯವರಾಗಿದ್ದರೆ ಕೈ ಮುಗಿದು ಎದ್ದು ಬರುತ್ತಿದ್ದರು. ನಾನು ಕೇಳಿದೆ, "ಬಣ್ಣ ಬರಿಸೋರೂ ನೀವೇ, ಬಣ್ಣ ಬಂತು ಅನ್ನೋರೂ ನೀವೇ. ಹೆಂಗಮ್ಮ ನಂಬೋದು?"

"ಲೇ!" ಯಜಮಾನರು ಹಲ್ಲು ಕಡಿದರು.

ಡಾಕ್ಟರಮ್ಮ ಬೇಸರಿಸಲಿಲ್ಲ. "ಆ ಅನುಮಾನ ನಮಗೂ ಇರುತ್ತೆ ಅಜ್ಜಿ. ಅದಕ್ಕೇ ಅದೇ ಚೂರಿನ ಇನ್ನೊಂದು ಪದರಕ್ಕೆ ಆ ಮದ್ದು ಹಾಕದೇ ನೋಡ್ತೀವಿ. ಅದರಲ್ಲಿ ಕಂದು ಬರಬಾರದು. ಬಂದಿಲ್ಲ."

ಭಲೇ! ನನಗಿಂತ ಅನುಮಾನದ ಹೆಂಗಸು! ಅಲ್ಲಿಗೆ ನನಗೆ ನಂಬಿಕೆ ಬಂತು. ಸಂತೋಷ ಉಕ್ಕಿ ಅವರ ಕೆನ್ನೆ ಸವರಿ ದೃಷ್ಟಿ ತೆಗೆದೆ, ಯಜಮಾನರ ತೋಳಿಗೂ ತೆಗೆದೆ, ಬಾಗಿಲಲ್ಲಿ ನಿಂತಿದ್ದ ಅಟೆಂಡರಿಗೂ ತೆಗೆದೆ.

"ಬೇಕಾದ್ರೆ ನೀವೇ ನೋಡಿ" ಎಂದು ಡಾಕ್ಟರಮ್ಮ ಸೂಕ್ಷ್ಮದರ್ಶಕದ ಮುಂದೆ ನನ್ನನ್ನು ಕೂರಿಸಿದರು.

ಬಗ್ಗಿ ಗಂಭೀರವಾಗಿ ನೋಡಿದೆ. ತಲೆ ಆಡಿಸಿದೆ. "ಕಂಡಿತು ತಾಯಿ! ಒಳ್ಳೇ ಕಾಫಿ ಬಣ್ಣ. ಮೂಲೆಮೂಲೆಗೂ ಹಿಡಿದೈತೆ!"

"ಅಜ್ಜಿ, ನಾನಿನ್ನೂ ಲೈಟ್ ಹಾಕಿಲ್ಲ!"

ಹಾಕಿದ ಮೇಲಾದರೂ ಕಂಡಿತೇ ಎಂದು ಕೇಳಬೇಡಿ. ಆ ಯಂತ್ರದೊಳಗೆ ಒಂದು ಕಣ್ಣು ಮುಚ್ಚಿಕೊಂಡು ನೋಡಬೇಕಂತೆ. ಸಂತೋಷಕ್ಕೆ ನಾನು ಎರಡನ್ನೂ ಮುಚ್ಚಿಕೊಂಡಿದ್ದೆ!